ಒಂದು ಗುಡಿಸಿನ ತಿದ್ದುಪಡಿ: ಕೈಪಿಡಿ ಪರಿಶೀಲನೆಗೆ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಎಷ್ಟು ಒದಗುತ್ತದೆ

ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಒಂದು ಸಣ್ಣ ಮುಕ್ತ ತಂತ್ರಾಂಶ ಯೋಜನೆಯಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕೋಡ್ ಬರೆಯುವವರು ಬೇರೆ ಇದ್ದಾರೆ. ನನ್ನ ಪಾಲಿಗೆ ಬಂದಿರುವುದು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುವ ಕೈಪಿಡಿ. ಬಳಕೆದಾರರು ಆ ಕೈಪಿಡಿಗೆ ಕಳಿಸುವ ತಿದ್ದುಪಡಿಗಳನ್ನು ಓದಿ, ಒಪ್ಪಿ ಅಥವಾ ತಿದ್ದಿ, ಒಳಗೆ ಸೇರಿಸುವುದು ನನ್ನ ವಾರಾಂತ್ಯದ ಕೆಲಸ. ಬರುವ ತಿದ್ದುಪಡಿಗಳಲ್ಲಿ ಹೆಚ್ಚಿನವು ತೀರ ಸಣ್ಣವು: ಒಂದು ಕಾಗುಣಿತದ ತಪ್ಪು, ತೆರೆಯದ ಒಂದು ಕೊಂಡಿ, ಹೊಸ ಆವೃತ್ತಿಯಲ್ಲಿ ಹೆಸರು ಬದಲಾಗಿರುವ ಒಂದು ಮೆನು, ಇನ್‌ಸ್ಟಾಲ್ ಮಾಡುವ ಕ್ರಮದಲ್ಲಿ ಬಿಟ್ಟುಹೋದ ಒಂದು ಹೆಜ್ಜೆ. ಈ ಕೆಲಸಕ್ಕೆ ನಾನು ಬಳಸುವ ಸಾಧನ ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಪರಿಶೀಲನಾ ಸೌಲಭ್ಯ. ಗಿಟ್‌ಹಬ್ ಎಂದರೆ ಯೋಜನೆಯ ಕಡತಗಳನ್ನು ಇಟ್ಟು ಹಲವರು ಸೇರಿ ತಿದ್ದುವ ಜಾಲತಾಣ; ಪುಲ್ ರಿಕ್ವೆಸ್ಟ್ ಎಂದರೆ ನನ್ನ ಈ ತಿದ್ದುಪಡಿಯನ್ನು ಒಳಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಕೋಡ್ ಪರಿಶೀಲನೆಗೆ ಅದು ಹೇಗಿದೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ವಾಕ್ಯಗಳ ಪರಿಶೀಲನೆಗೆ, ಅದರಲ್ಲೂ ಒಂದೆರಡು ಪದಗಳ ತಿದ್ದುಪಡಿಗೆ, ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಈ ವಿಮರ್ಶೆಯಲ್ಲಿ ನೋಡುತ್ತೇನೆ.

ಮೊದಲಿಗೆ ಖರ್ಚಿನ ಮಾತು. 2008ರಲ್ಲಿ ಶುರುವಾಗಿ 2018ರಲ್ಲಿ ಮೈಕ್ರೋಸಾಫ್ಟ್‌ನ ಸ್ವಾಧೀನಕ್ಕೆ ಬಂದ ಈ ತಾಣದಲ್ಲಿ ಎಲ್ಲರಿಗೂ ತೆರೆದಿರುವ ಯೋಜನೆಗಳಿಗೆ ಶುಲ್ಕವಿಲ್ಲ. ಪರಿಶೀಲನೆಯ ಸೌಲಭ್ಯವೂ ತಿದ್ದುಪಡಿ ಬಂದಾಗ ತಾನಾಗಿ ನಡೆಯುವ ಪರೀಕ್ಷೆಗಳೂ ಅದರಲ್ಲಿ ಸೇರಿವೆ. ಕೈಯಿಂದ ದುಡ್ಡು ಹಾಕಿ ನಡೆಸುವ ನಮ್ಮಂಥ ಯೋಜನೆಗೆ ಇದು ಸಣ್ಣ ಅನುಕೂಲವಲ್ಲ.

ತಿದ್ದುಪಡಿ ಕಳಿಸುವವರ ಕಡೆಯಿಂದ ನೋಡಿದರೆ ಈ ಸೌಲಭ್ಯದ ಬಾಗಿಲು ಬಹಳ ಅಗಲವಾಗಿದೆ. ಕಡತವನ್ನು ತೆರೆದರೆ ಮೇಲ್ಭಾಗದಲ್ಲಿ ಪೆನ್ಸಿಲಿನ ಚಿಹ್ನೆ ಇರುತ್ತದೆ. ಅದನ್ನು ಒತ್ತಿದರೆ, ಆ ಯೋಜನೆಯಲ್ಲಿ ಬರೆಯುವ ಹಕ್ಕಿಲ್ಲದವರ ಹೆಸರಿನಲ್ಲಿ ಒಂದು ಫೋರ್ಕ್, ಅಂದರೆ ಯೋಜನೆಯ ಸ್ವಂತ ಪ್ರತಿ, ಸೃಷ್ಟಿಯಾಗಿ, ಬ್ರೌಸರಿನಲ್ಲೇ ಕಡತ ತಿದ್ದಲು ಸಿಗುತ್ತದೆ. ತಿದ್ದಿ ಮುಗಿಸಿದ ಮೇಲೆ ಇನ್ನು ಕೆಲವು ಗುಂಡಿಗಳನ್ನು ಒತ್ತಿದರೆ ಪುಲ್ ರಿಕ್ವೆಸ್ಟ್ ಸಿದ್ಧ. ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶ ಎಂದರೇನು ಎಂದು ಗೊತ್ತಿಲ್ಲದ, ಟರ್ಮಿನಲ್ ಕಿಟಕಿಯನ್ನು ಒಮ್ಮೆಯೂ ತೆರೆಯದ ಗ್ರಂಥಪಾಲಕರು, ಡಿಟಿಪಿ ಕೆಲಸದವರು, ಶಾಲಾ ಮೇಷ್ಟ್ರುಗಳು ನಮ್ಮ ಕೈಪಿಡಿಯನ್ನು ತಿದ್ದಿರುವುದು ಈ ಪೆನ್ಸಿಲಿನ ದೆಸೆಯಿಂದ. ಅವರು ಕಂಡ ತಪ್ಪುಗಳನ್ನು ನಾವು ಕಾಣುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಬರೆದವರಿಗೆ ತಾವು ಬರೆದದ್ದು ಮೊದಲೇ ಗೊತ್ತಿರುತ್ತದೆ. ಕಲಿಯಲು ಬಂದವರಿಗೆ ಮಾತ್ರ ಯಾವ ವಾಕ್ಯದಲ್ಲಿ ಕಾಲು ಜಾರುತ್ತದೆ ಎಂದು ತಿಳಿಯುತ್ತದೆ.

ಪರಿಶೀಲಿಸುವವರ ಕಡೆಗೆ ಬಂದರೆ, ನಾನು ಈ ಸೌಲಭ್ಯವನ್ನು ಬಿಡದಿರಲು ಮುಖ್ಯ ಕಾರಣ 2018ರ ಅಕ್ಟೋಬರಿನಲ್ಲಿ ಬಂದ ಸಲಹೆಯ ವ್ಯವಸ್ಥೆ, ಅಂದರೆ ಸಜೆಸ್ಟೆಡ್ ಚೇಂಜಸ್. ಅದಕ್ಕೂ ಮುಂಚೆ ಒಂದು ಪದ ಸರಿಯಿಲ್ಲ ಎಂದು ಹೇಳಬೇಕಾದರೆ "ಮೂರನೆಯ ಸಾಲಿನಲ್ಲಿ ಇಂಥ ಪದದ ಬದಲು ಇಂಥದ್ದು ಇದ್ದರೆ ಚೆನ್ನ" ಎಂದು ಟಿಪ್ಪಣಿ ಬರೆಯಬೇಕಿತ್ತು. ಕಳಿಸಿದವರು ಅದನ್ನು ಓದಿ, ಅರ್ಥ ಮಾಡಿಕೊಂಡು, ಮತ್ತೆ ಕಡತ ತೆರೆದು, ಕೆಲವು ಸಲ ಬೇರೆಯದೇ ಸಾಲನ್ನು ತಿದ್ದಿ ಕಳಿಸುವ ಹೊತ್ತಿಗೆ ಒಂದು ವಾರ ಕಳೆದಿರುತ್ತಿತ್ತು. ಒಂದು ಅಲ್ಪವಿರಾಮಕ್ಕೆ ಒಂದು ವಾರ ಎಂದರೆ ಯಾರಿಗೆ ತಾನೇ ಉತ್ಸಾಹ ಉಳಿಯುತ್ತದೆ? ಈಗ ಸಾಲಿನ ಎಡಕ್ಕಿರುವ ಕೂಡು ಚಿಹ್ನೆಯನ್ನು ಒತ್ತಿ, ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಸಾಲಿನ ಪಠ್ಯ ಹಾಗೆಯೇ ಟಿಪ್ಪಣಿಯ ಪೆಟ್ಟಿಗೆಗೆ ಬರುತ್ತದೆ. ಅಲ್ಲೇ ತಿದ್ದಿ ಇಟ್ಟರೆ, ಕಳಿಸಿದವರಿಗೆ ಹಳೆಯ ಸಾಲು ಕೆಂಪಿನಲ್ಲಿ, ನನ್ನ ಸಲಹೆಯ ಸಾಲು ಹಸಿರಿನಲ್ಲಿ, ಅದರ ಕೆಳಗೆ ಒಪ್ಪಿಕೊಳ್ಳುವ ಗುಂಡಿ ಕಾಣುತ್ತದೆ. ಹಲವು ಸಲಹೆಗಳಿದ್ದರೆ ಅವನ್ನೆಲ್ಲ ಒಂದು ಕಟ್ಟಾಗಿ ಸೇರಿಸಿ ಒಂದೇ ಕಮಿಟ್‌ನಲ್ಲಿ, ಅಂದರೆ ದಾಖಲಾಗುವ ಒಂದೇ ಬದಲಾವಣೆಯಾಗಿ, ಒಪ್ಪಿಕೊಳ್ಳಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ ಒಪ್ಪುವ ಹಕ್ಕು ಕಳಿಸಿದವರ ಕೈಯಲ್ಲೇ ಉಳಿಯುತ್ತದೆ ಎಂಬುದು. ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿಗೂ ತಿದ್ದಲು ಅನುಮತಿಯಿದೆ ಎಂಬ ಗುರುತನ್ನು ಕಳಿಸಿದವರು ಇಟ್ಟಿದ್ದರೆ ನಾನು ಅವರ ಬ್ರಾಂಚ್‌ಗೆ, ಅಂದರೆ ಅವರ ತಿದ್ದುಪಡಿಯಿರುವ ಪ್ರತಿಗೆ, ನೇರವಾಗಿ ಹೋಗಿ ತಿದ್ದಿಬಿಡಬಹುದು, ಕೆಲವು ಸಲ ಹಾಗೆ ಮಾಡಿಯೂ ಇದ್ದೇನೆ. ಆದರೆ ಮೊದಲ ಬಾರಿಗೆ ಬಂದವರ ವಾಕ್ಯವನ್ನು ಅವರನ್ನು ಕೇಳದೆ ಬದಲಿಸುವುದು, ಮನೆಗೆ ಬಂದ ಅತಿಥಿಯ ಕೈಯಿಂದ ತಟ್ಟೆ ಕಿತ್ತುಕೊಂಡ ಹಾಗೆ. ಸಲಹೆಯಾಗಿ ಬರೆದಾಗ ಅವರು ಅದನ್ನು ನೋಡುತ್ತಾರೆ, ಬೇಡವೆನಿಸಿದರೆ ಬೇಡವೆನ್ನುತ್ತಾರೆ. ಹಾಗೆ ಬೇಡವೆಂದವರೇ ಸರಿ ಎಂದು ಆಮೇಲೆ ನನಗೆ ಮನವರಿಕೆಯಾದ ಸಂದರ್ಭಗಳೂ ಇವೆ. ಕಲಬುರಗಿ ಕಡೆಯ ಒಬ್ಬರು ಕೈಪಿಡಿಯಲ್ಲಿದ್ದ "ಗುಂಡಿ ಅದುಮಿ" ಎಂಬುದನ್ನು "ಬಟನ್ ಒತ್ತಿ" ಎಂದು ಮಾಡಿ ಕಳಿಸಿದ್ದರು. ಹಳೆಯದೇ ಇರಲಿ ಎಂದು ನಾನು ಸಲಹೆಯಿತ್ತೆ. ತೆರೆಯ ಮೇಲೆ ಆ ಜಾಗದಲ್ಲಿ ಬರೆದಿರುವುದೇ ಬಟನ್ ಎಂದು, ಓದಿದ್ದನ್ನು ಕಣ್ಣು ಹುಡುಕುವುದು ತೆರೆಯ ಮೇಲೆ ಎಂದು ಅವರು ಉತ್ತರ ಬರೆದರು. ಅವರದೇ ಉಳಿಯಿತು. ಸಲಹೆಯನ್ನು ಒಪ್ಪಿಕೊಂಡಾಗ ಆಗುವ ಕಮಿಟ್‌ನಲ್ಲಿ ಸಲಹೆ ಕೊಟ್ಟವರ ಹೆಸರೂ ಸಹಲೇಖಕರಾಗಿ ದಾಖಲಾಗುತ್ತದೆ. ಇಬ್ಬರು ಸೇರಿ ತಿದ್ದಿದ ವಾಕ್ಯಕ್ಕೆ ಇಬ್ಬರ ಹೆಸರೂ ಇರುವುದು ನ್ಯಾಯವಾದ ಏರ್ಪಾಡು.

ಇಷ್ಟು ಚೆನ್ನಾಗಿರುವ ಸಾಧನದ ಮೇಲೆ ನಾನು ಪೂರ್ತಿ ಭಾರ ಹಾಕುವುದನ್ನು ಬಿಟ್ಟದ್ದು ಒಂದು ಗುಡಿಸಿನ ಕಾರಣದಿಂದ.

ನಮ್ಮ ಕೈಪಿಡಿಯಲ್ಲಿ ಒಂದು ವಾಕ್ಯ ಹೀಗಿತ್ತು: "ಹಳೆಯ ಕಡತವನ್ನು ಅಳಿಸಿದೆ ಹೊಸ ಕಡತವನ್ನು ಬರೆಯುತ್ತದೆ." ವಾಕ್ಯ ಕೆಟ್ಟಿದೆ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಒಬ್ಬ ವಿದ್ಯಾರ್ಥಿನಿ ಅದನ್ನು ಕಂಡು, "ಸಿ" ಅಕ್ಷರದ ಗುಡಿಸನ್ನು ತೆಗೆದು, "ಅಳಿಸದೆ" ಎಂದು ತಿದ್ದಿ ಕಳಿಸಿದರು. ನನ್ನ ಮುಂದಿದ್ದ ಪರದೆಯಲ್ಲಿ ಕೆಂಪು ಸಾಲು, ಹಸಿರು ಸಾಲು, ಅವುಗಳ ಮೇಲೆ ಮೂರು ಸಾಲು, ಕೆಳಗೆ ಮೂರು ಸಾಲು. ಪರೀಕ್ಷೆಗಳೆಲ್ಲ ಹಸಿರಾಗಿದ್ದವು. ವಾಕ್ಯ ಈಗ ವ್ಯಾಕರಣಬದ್ಧವಾಗಿತ್ತು. ಒಪ್ಪಿಗೆ ಕೊಟ್ಟು, ಧನ್ಯವಾದ ಹೇಳಿ, ಮರ್ಜ್ ಮಾಡಿ, ಅಂದರೆ ಮೂಲ ಕೈಪಿಡಿಗೆ ಸೇರಿಸಿ, ಎದ್ದೆ. ಎರಡು ನಿಮಿಷವೂ ಆಗಿರಲಿಲ್ಲ.

ಆ ವಾಕ್ಯ ಇದ್ದದ್ದು ಒಂದು ಆಯ್ಕೆಯ ವಿವರಣೆಯ ಕೆಳಗೆ. ಆ ಆಯ್ಕೆಯನ್ನು ಬಳಸಿದರೆ ತಂತ್ರಾಂಶ ಹಳೆಯ ಕಡತದ ಮೇಲೆಯೇ ಬರೆಯುತ್ತದೆ, ಅಂದರೆ ಹಳೆಯದು ಹೋಗುತ್ತದೆ. ಮೂಲದಲ್ಲಿ ಇರಬೇಕಾಗಿದ್ದದ್ದು "ಅಳಿಸಿ". ಯಾರೋ ಟೈಪ್ ಮಾಡುವಾಗ ಒಂದು "ದೆ" ಹೆಚ್ಚಾಗಿ ಸೇರಿಕೊಂಡಿತ್ತು. ತೆಗೆಯಬೇಕಾದದ್ದು ಆ "ದೆ", ತೆಗೆದದ್ದು ಗುಡಿಸು, ಅರ್ಥ ಬುಡಮೇಲಾಯಿತು. ಆಯ್ಕೆಯ ಹೆಸರಿದ್ದ ಶೀರ್ಷಿಕೆ ಆ ವಾಕ್ಯಕ್ಕಿಂತ ಆರು ಸಾಲು ಮೇಲಿತ್ತು, ನನ್ನ ಪರದೆ ತೋರಿಸಿದ್ದು ಮೂರು ಸಾಲನ್ನು. ಮೂರು ವಾರಗಳ ನಂತರ ಹಾಸನ ಜಿಲ್ಲೆಯ ಪ್ರೌಢಶಾಲೆಯ ಮೇಷ್ಟ್ರೊಬ್ಬರು ನಮಗೆ ದೂರು ಬರೆದರು. ತಮ್ಮ ಊರಿನ ಜನಪದ ಹಾಡುಗಳ ಹಳೆಯ ಟೈಪ್ ಪ್ರತಿಯನ್ನು ಯೂನಿಕೋಡ್‌ಗೆ ತಂದು, ಎರಡು ದಿನ ಕುಳಿತು ಕೈಯಿಂದ ತಿದ್ದಿದ್ದರು. ಕೈಪಿಡಿಯನ್ನು ನಂಬಿ ಅದೇ ಆಯ್ಕೆಯೊಡನೆ ತಂತ್ರಾಂಶವನ್ನು ಮತ್ತೊಮ್ಮೆ ನಡೆಸಿದಾಗ ತಿದ್ದಿದ್ದೆಲ್ಲ ಹೋಯಿತು. ದೂರಿನಲ್ಲಿ ಒಂದು ಗಡಸು ಮಾತೂ ಇರಲಿಲ್ಲ. "ಸರ್, ನಿಮ್ಮ ಪುಸ್ತಕದಲ್ಲಿ ಅಳಿಸದೆ ಎಂದು ಇದೆ, ಒಮ್ಮೆ ನೋಡಿ" ಎಂದಷ್ಟೇ ಬರೆದಿದ್ದರು. ತಪ್ಪು ತಿದ್ದುಪಡಿ ಕಳಿಸಿದ ವಿದ್ಯಾರ್ಥಿನಿಯದಲ್ಲ. ಆಕೆ ಕಂಡದ್ದನ್ನು ಕಂಡಂತೆ ಸರಿಪಡಿಸಿದ್ದರು. ಆ ವಾಕ್ಯ ಏನು ಹೇಳುತ್ತದೆ, ತಂತ್ರಾಂಶ ಏನು ಮಾಡುತ್ತದೆ ಎಂಬುದನ್ನು ತಾಳೆ ನೋಡಬೇಕಾಗಿದ್ದವನು ನಾನು.

ಬದಲಾದ ಸಾಲಿನ ಸುತ್ತ ಮೂರು ಸಾಲು ತೋರಿಸುವುದು ಗಿಟ್‌ನ ಮೂಲ ಕ್ರಮ. ಕೋಡ್‌ಗೆ ಅದು ಬಹುಮಟ್ಟಿಗೆ ಸಾಕಾಗುತ್ತದೆ, ಏಕೆಂದರೆ ಕೋಡ್ ತಪ್ಪಿದ್ದರೆ ಕಂಪೈಲರ್ ಹೇಳುತ್ತದೆ, ಪರೀಕ್ಷೆ ಹೇಳುತ್ತದೆ. ವಾಕ್ಯ ಸುಳ್ಳು ಹೇಳಿದರೆ ಯಾವ ಪರೀಕ್ಷೆಯೂ ಕೆಂಪಾಗುವುದಿಲ್ಲ. ಮೇಲಿನ ಸಾಲುಗಳನ್ನು ಬಿಡಿಸಿ ನೋಡಲು ಗಿಟ್‌ಹಬ್‌ನಲ್ಲಿ ಬಾಣದ ಚಿಹ್ನೆ ಇದೆ. ಈಗ ನಾನು ತಿದ್ದುಪಡಿ ಎಷ್ಟೇ ಸಣ್ಣದಿರಲಿ, ಅದನ್ನು ಒತ್ತುತ್ತ ಒತ್ತುತ್ತ ಆ ಭಾಗದ ಶೀರ್ಷಿಕೆ ಕಾಣುವವರೆಗೂ ಮೇಲಕ್ಕೆ ಹೋಗುತ್ತೇನೆ. ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸಿ ಬರೆಯುವ ಮಾರ್ಕ್‌ಡೌನ್ ಕಡತದಲ್ಲಿ ಶೀರ್ಷಿಕೆ ಯಾವುದು ಎಂದು ಸಾಧನಕ್ಕೆ ಗೊತ್ತಾಗುವುದು ಕಷ್ಟವೇನಲ್ಲ, ಆದ್ದರಿಂದ ಈ ನೋಟ ತಾನಾಗಿಯೇ ಶೀರ್ಷಿಕೆಯವರೆಗೆ ತೆರೆದುಕೊಳ್ಳುವಂತಿದ್ದರೆ ಬರಹ ಪರಿಶೀಲಿಸುವವರಿಗೆ ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ.

ಇದಕ್ಕೆ ಭಾಗಶಃ ಪರಿಹಾರವಾಗಿ 2014ರಲ್ಲೇ ಬಂದ ಇನ್ನೊಂದು ನೋಟವಿದೆ. ಕಡತದ ಹೆಸರಿನ ಬಲಕ್ಕಿರುವ ಪುಟದ ಚಿಹ್ನೆಯನ್ನು ಒತ್ತಿದರೆ ಮಾರ್ಕ್‌ಡೌನ್ ಪಠ್ಯ ಓದುವ ಪುಟದಂತೆಯೇ ಕಾಣುತ್ತದೆ. ಸೇರಿಸಿದ ಪದಗಳ ಕೆಳಗೆ ಹಸಿರು, ತೆಗೆದ ಪದಗಳ ಮೇಲೆ ಗೆರೆ. ಪಟ್ಟಿ ಮುರಿದಿದೆಯೇ, ಕೋಷ್ಟಕದ ಕಂಬ ಜಾರಿದೆಯೇ ಎಂದು ಇಲ್ಲಿ ತಟ್ಟನೆ ತಿಳಿಯುತ್ತದೆ. ಆದರೆ ಟಿಪ್ಪಣಿ ಬರೆಯಬೇಕೆಂದರೆ ಮತ್ತೆ ಮೂಲ ನೋಟಕ್ಕೆ ಮರಳಿ ಆ ಸಾಲನ್ನು ಹುಡುಕಬೇಕು. ಎರಡು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೆಲಸ ಮಾಡುವುದು ನನಗೆ ಅಭ್ಯಾಸವಾಗಿದೆ, ಹೊಸಬರಿಗೆ ಈ ನೋಟವಿದೆಯೆಂದೇ ಗೊತ್ತಿರುವುದಿಲ್ಲ.

ದೊಡ್ಡ ಯೋಜನೆಗಳು ಈ ಕೊರತೆಯನ್ನು ಹೊರಗಿನ ಸೇವೆಗಳಿಂದ ತುಂಬಿಕೊಂಡಿವೆ. 2010ರಲ್ಲಿ ಆರಂಭವಾದ ರೀಡ್ ದ ಡಾಕ್ಸ್ ಎಂಬ ಸೇವೆ ಪ್ರತಿ ಪುಲ್ ರಿಕ್ವೆಸ್ಟ್‌ಗೂ ಕೈಪಿಡಿಯ ಒಂದು ತಾತ್ಕಾಲಿಕ ಪ್ರತಿಯನ್ನು ಕಟ್ಟಿ ಅದರ ಕೊಂಡಿಯನ್ನು ಕೊಡುತ್ತದೆ. ಪೈಥಾನ್ ಭಾಷೆಯ ಕೈಪಿಡಿಯ ತಿದ್ದುಪಡಿಗಳನ್ನು ಈಗ ಹೀಗೆ ಪೂರ್ಣ ಪುಟವಾಗಿ ನೋಡಬಹುದು. ಕುಬರ್ನೆಟೀಸ್ ಯೋಜನೆಯ ಜಾಲತಾಣದ ತಿದ್ದುಪಡಿಗಳಿಗೆ ನೆಟ್ಲಿಫೈ ಎಂಬ ಸೇವೆ ಇದೇ ಕೆಲಸ ಮಾಡುತ್ತದೆ. ಅಲ್ಲಿ ಹಿಂದಿ, ಬಂಗಾಳಿ ಅನುವಾದಗಳ ತಿದ್ದುಪಡಿಗಳೂ ಇದೇ ದಾರಿಯಲ್ಲಿ ಬರುತ್ತವೆ. ನಾವೂ ರೀಡ್ ದ ಡಾಕ್ಸ್‌ನ ಪೂರ್ವನೋಟವನ್ನು ಜೋಡಿಸಿಕೊಂಡ ಮೇಲೆ ನನ್ನ ಪರಿಶೀಲನೆಯ ಕ್ರಮವೇ ಬದಲಾಯಿತು: ಮೊದಲು ಪುಟವನ್ನು ಓದುಗರಂತೆ ಓದುತ್ತೇನೆ, ಅಲ್ಲಿ ಹೇಳಿದ ಆಜ್ಞೆಯನ್ನು ನನ್ನ ಗಣಕದಲ್ಲಿ ನಡೆಸುತ್ತೇನೆ, ಆಮೇಲೆ ಕೆಂಪು ಹಸಿರು ಸಾಲುಗಳಿಗೆ ಬರುತ್ತೇನೆ.

ಪೈಥಾನ್ ಯೋಜನೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2017ರ ಫೆಬ್ರವರಿಯಲ್ಲಿ ಗಿಟ್‌ಹಬ್‌ಗೆ ಬಂದ ಆ ಯೋಜನೆ, ಸಣ್ಣ ತಿದ್ದುಪಡಿಯನ್ನು ಸಣ್ಣದಾಗಿಯೇ ನಡೆಸಿಕೊಳ್ಳುವ ಕ್ರಮವನ್ನು ರೂಢಿಸಿಕೊಂಡಿದೆ. ಕಾಗುಣಿತದ ತಪ್ಪಿಗೆ ಮೊದಲು ದೂರು ದಾಖಲಿಸಬೇಕಾಗಿಲ್ಲ, ಬದಲಾವಣೆಗಳ ಪಟ್ಟಿಯಲ್ಲಿ ಟಿಪ್ಪಣಿ ಬರೆಯಬೇಕಾಗಿಲ್ಲ, ಅದಕ್ಕೆಂದೇ ಲೇಬಲ್‌ಗಳಿವೆ. ಯಾವ ಹಳೆಯ ಆವೃತ್ತಿಗಳಿಗೂ ಆ ತಿದ್ದುಪಡಿ ಹೋಗಬೇಕು ಎಂದು ಲೇಬಲ್ ಹಚ್ಚಿದರೆ ಒಂದು ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ, ಅದನ್ನು ಆ ಬ್ರಾಂಚ್‌ಗಳಿಗೆ ಒಯ್ಯುತ್ತದೆ. ಓದುಗರು ಓದುವುದು ತಾವು ಬಳಸುವ ಆವೃತ್ತಿಯ ಕೈಪಿಡಿಯನ್ನು, ಆದ್ದರಿಂದ ಇದು ಬಹಳ ವಿವೇಕದ ಕ್ರಮ. ಜ್ಯಾಂಗೋ ಯೋಜನೆಯಲ್ಲೂ ಕಾಗುಣಿತದಂಥ ತಿದ್ದುಪಡಿಗೆ ಟಿಕೆಟ್, ಅಂದರೆ ದೂರಿನ ದಾಖಲೆ, ಬೇಡ ಎಂಬ ನಿಯಮವಿದೆ. ಗಿಟ್‌ಹಬ್ ಇವೆಲ್ಲಕ್ಕೂ ಲೇಬಲ್, ಬಾಟ್‌ಗಳಿಗೆ ಜಾಗ ಕೊಟ್ಟಿದೆ; ಆದರೆ ಇವನ್ನು ಕಟ್ಟಿಕೊಳ್ಳುವ ಶ್ರಮ ಯೋಜನೆಯದೇ. ಮೂವರಿಂದ ನಡೆಯುವ ನಮ್ಮಂಥಲ್ಲಿ ಅಷ್ಟು ಕೈಗಳಿಲ್ಲ.

ವಾಕ್ಯಗಳ ವಿಷಯದಲ್ಲಿ ಇನ್ನೊಂದು ತೊಡಕು ಸಾಲಿನ ಲೆಕ್ಕದ್ದು. ಡಿಫ್, ಅಂದರೆ ಆ ಕೆಂಪು ಹಸಿರು ನೋಟ, ಸಾಲುಗಳನ್ನು ಹೋಲಿಸುತ್ತದೆ. ಪ್ಯಾರಾವನ್ನು ಇಷ್ಟು ಅಕ್ಷರಕ್ಕೊಂದು ಸಾಲು ಎಂದು ಮುರಿದು ಬರೆದಿದ್ದರೆ, ಮೊದಲ ಸಾಲಿನಲ್ಲಿ ಒಂದು ಪದ ಸೇರಿಸಿ ಎಡಿಟರ್ ಸಾಲುಗಳನ್ನು ಮತ್ತೆ ಹೊಂದಿಸಿದ ಕೂಡಲೇ ಇಡೀ ಪ್ಯಾರಾ ಕೆಂಪಾಗಿ, ಇಡೀ ಪ್ಯಾರಾ ಹಸಿರಾಗಿ ಕಾಣುತ್ತದೆ. ನಿಜವಾಗಿ ಬದಲಾದ ಪದವನ್ನು ಸೋಸಿ ತೆಗೆಯುವುದು ಪರಿಶೀಲಕರ ಕಣ್ಣಿಗೆ ಬಿದ್ದ ಕೆಲಸ. ಪ್ಯಾರಾ ಪೂರ್ತಿ ಒಂದೇ ಸಾಲಾಗಿದ್ದರೆ ಟಿಪ್ಪಣಿ ಯಾವ ವಾಕ್ಯಕ್ಕೆ ಎಂದು ತಿಳಿಯುವುದಿಲ್ಲ. ವಾಕ್ಯಕ್ಕೊಂದು ಸಾಲು ಎಂಬ ಕ್ರಮ ಇದಕ್ಕೆ ಮದ್ದು. ಕೈಪಿಡಿ ಸಿದ್ಧಪಡಿಸುವ ಸಾಧನವಾದ ಆಸ್ಕಿಡಾಕ್ಟರ್ ಯೋಜನೆಯವರು ಬಹಳ ಹಿಂದಿನಿಂದ ಇದನ್ನೇ ಶಿಫಾರಸು ಮಾಡುತ್ತ ಬಂದಿದ್ದಾರೆ. ಪುಟದಲ್ಲಿ ಪ್ಯಾರಾ ಎಂದಿನಂತೆ ಒಂದಾಗಿಯೇ ಕಾಣುತ್ತದೆ, ಮೂಲದಲ್ಲಿ ಮಾತ್ರ ಪ್ರತಿ ವಾಕ್ಯ ಬೇರೆ ಸಾಲಿನಲ್ಲಿ ಇರುತ್ತದೆ. ನಾವು ಇಡೀ ಕೈಪಿಡಿಯನ್ನು ಒಂದು ರಜೆಯಲ್ಲಿ ಹೀಗೆ ಬಿಡಿಸಿ ಬರೆದೆವು. ಅಂದಿನಿಂದ ಸಲಹೆಯ ಗುಂಡಿ ಹೆಚ್ಚು ಉಪಯೋಗಕ್ಕೆ ಬಂದಿದೆ, ಏಕೆಂದರೆ ಈಗ ಒಂದು ಸಲಹೆ ಎಂದರೆ ಒಂದು ವಾಕ್ಯ.

ಕನ್ನಡ ಪಠ್ಯಕ್ಕೆ ಬಂದರೆ ಕಣ್ಣಿಗೆ ಕಾಣದ ಬದಲಾವಣೆಗಳೂ ಇವೆ. ಒಮ್ಮೆ ಹನ್ನೊಂದು ಸಾಲುಗಳು ಬದಲಾದ ಒಂದು ಪುಲ್ ರಿಕ್ವೆಸ್ಟ್ ಬಂತು. ಕೆಂಪು ಸಾಲನ್ನೂ ಹಸಿರು ಸಾಲನ್ನೂ ಎಷ್ಟು ಬಾರಿ ಓದಿದರೂ ಒಂದು ಅಕ್ಷರದ ವ್ಯತ್ಯಾಸವೂ ನನಗೆ ಕಾಣಲಿಲ್ಲ. ಕೊನೆಗೆ ಪಠ್ಯವನ್ನು ಸಂಕೇತಸಂಖ್ಯೆಗಳಾಗಿ ಬಿಡಿಸಿ ನೋಡಿದಾಗ ಎರಡು ಸಂಗತಿಗಳು ಹೊರಬಂದವು. ಮೊದಲನೆಯದು, ಪದಗಳ ಕೊನೆಯ ಅರ್ಧಾಕ್ಷರದ ನಂತರ ಶೂನ್ಯ ಅಗಲದ ನಾನ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಸೇರಿಕೊಂಡಿತ್ತು. "ಸಾಫ್ಟ್‌ವೇರ್" ಎಂಬ ಪದದ ನಡುವೆ ಅದು ಇರಲೇಬೇಕು, ಇಲ್ಲದಿದ್ದರೆ ವಕಾರ ಒತ್ತಾಗಿ ಕೆಳಗೆ ಇಳಿದುಬಿಡುತ್ತದೆ. ಪದದ ತುದಿಯಲ್ಲಿ ಅದಕ್ಕೆ ಕೆಲಸವಿಲ್ಲ, ಆದರೂ ಕೆಲವರು ಟೈಪ್ ಮಾಡುವಾಗ ರೂಢಿಯಿಂದ ಅದು ಬಂದುಬಿಡುತ್ತದೆ. ಎರಡನೆಯದು, "ೊ" ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ, ತೆರೆಯ ಮೇಲೆ ಎರಡೂ ಒಂದೇ ರೂಪ. ಕಳಿಸಿದವರ ಎಡಿಟರ್ ಅವರಿಗೆ ತಿಳಿಯದ ಹಾಗೆ ಒಂದನ್ನು ಇನ್ನೊಂದಾಗಿಸಿತ್ತು. ಓದುವ ಮನುಷ್ಯರಿಗೆ ಇದರಿಂದ ಏನೂ ತೊಂದರೆಯಿಲ್ಲ, ಹುಡುಕುವ ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಪದಗಳಾಗಿಬಿಡಬಹುದು.

ಇದನ್ನು ಗಿಟ್‌ಹಬ್‌ನ ದೋಷವೆಂದು ನಾನು ಹೇಳಲಾರೆ. ಬೈಟ್ ಬದಲಾದರೆ ಸಾಲು ಬದಲಾಯಿತು ಎಂದು ತೋರಿಸುವುದು ಅದರ ಧರ್ಮ, ಅದನ್ನು ಅದು ಸರಿಯಾಗಿಯೇ ಮಾಡಿತು. ಪರಿಹಾರವನ್ನು ನಾವೇ ಕಟ್ಟಿಕೊಂಡೆವು: ಪ್ರತಿ ಪುಲ್ ರಿಕ್ವೆಸ್ಟ್ ಬಂದಾಗ ನಡೆಯುವ ಪರೀಕ್ಷೆಗಳಲ್ಲಿ ಹದಿನೈದು ಸಾಲಿನ ಒಂದು ಸ್ಕ್ರಿಪ್ಟ್ ಸೇರಿಸಿ, ಪಠ್ಯ ಯೂನಿಕೋಡ್‌ನ ಎನ್‌ಎಫ್‌ಸಿ ರೂಪದಲ್ಲಿದೆಯೇ (ಅಂದರೆ "ೊ"ದಂಥವು ಒಂದೇ ಸಂಕೇತವಾಗಿವೆಯೇ), ಪದದ ತುದಿಯಲ್ಲಿ ಬೇಡದ ನಾನ್ ಜಾಯ್ನರ್ ಇದೆಯೇ ಎಂದು ನೋಡುವಂತೆ ಮಾಡಿದೆವು. ಕನ್ನಡದಲ್ಲಿ ಕೈಪಿಡಿ ಇಟ್ಟುಕೊಂಡಿರುವ ಯಾವುದೇ ಯೋಜನೆಗೆ ಇದನ್ನು ಮೊದಲ ದಿನವೇ ಮಾಡಿಕೊಳ್ಳಿ ಎಂದು ಹೇಳುತ್ತೇನೆ. ಪಠ್ಯ ಉದ್ದವಾಗಿದ್ದರೆ ತಿದ್ದುಪಡಿಯನ್ನು ಸ್ವಂತ ಗಣಕಕ್ಕೆ ತಂದು, ಗಿಟ್ ಡಿಫ್ ಆಜ್ಞೆಯನ್ನು ವರ್ಡ್-ಡಿಫ್ ಆಯ್ಕೆಯೊಡನೆ ನಡೆಸುವುದೂ ಒಳ್ಳೆಯದು. ಅದು ಸಾಲಿನ ಬದಲು ಪದಗಳನ್ನು ಹೋಲಿಸುತ್ತದೆ.

ತಾನಾಗಿ ನಡೆಯುವ ಪರೀಕ್ಷೆಗಳ ಬಗ್ಗೆ ಎರಡು ಎಚ್ಚರಿಕೆಗಳಿವೆ. ಕೈಪಿಡಿಯ ಒಂದು ಪದಕ್ಕಾಗಿ ಇಡೀ ಕೋಡ್‌ನ ಪರೀಕ್ಷೆ ನಡೆಸುವುದು ಬೇಡವೆಂದು, ಕೈಪಿಡಿಯ ಕಡತಗಳಷ್ಟೇ ಬದಲಾದಾಗ ಆ ಪರೀಕ್ಷೆಗಳನ್ನು ಬಿಡುವಂತೆ ನಾವು ಸೂಚನೆ ಬರೆದೆವು. ಆದರೆ ಆ ಪರೀಕ್ಷೆಗಳು ಮರ್ಜ್‌ಗೆ ಕಡ್ಡಾಯವೆಂದು ಗುರುತಾಗಿದ್ದರೆ, ಬಿಟ್ಟ ಪರೀಕ್ಷೆ ಮುಗಿದದ್ದಾಗಿ ದಾಖಲಾಗದೆ ಕಾಯುತ್ತಲೇ ಇರುತ್ತದೆ, ಪುಲ್ ರಿಕ್ವೆಸ್ಟ್ ಅಲ್ಲೇ ನಿಲ್ಲುತ್ತದೆ. ಗಿಟ್‌ಹಬ್‌ನ ಸ್ವಂತ ಕೈಪಿಡಿಯಲ್ಲೇ ಇದನ್ನು ಹೇಳಿದೆ. ನಾವು ಓದಿದ್ದು ತಡವಾಗಿ. ಇನ್ನೊಂದು, ಮೊದಲ ಬಾರಿಗೆ ತಿದ್ದುಪಡಿ ಕಳಿಸುವವರ ಪರೀಕ್ಷೆಗಳು ಮೇಂಟೇನರ್ ಅನುಮತಿ ಕೊಡುವವರೆಗೂ ಓಡುವುದಿಲ್ಲ. ಪರೀಕ್ಷೆಯ ಯಂತ್ರಗಳನ್ನು ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ದುರುಪಯೋಗ ಮಾಡಿಕೊಂಡವರಿದ್ದ ಕಾರಣ 2021ರಲ್ಲಿ ಬಂದ ಈ ನಿಯಮ ಸರಿಯಾದದ್ದೇ. ಆದರೂ ಹೊಸಬರು ತಾವೇನೋ ತಪ್ಪು ಮಾಡಿದೆವೆಂದು ಹೆದರುತ್ತಾರೆ. ಅನುಮತಿಯ ಗುಂಡಿಯನ್ನು ಅದೇ ದಿನ ಒತ್ತುವುದು, ಆಗದಿದ್ದರೆ ಒಂದು ಸಾಲಿನ ಉತ್ತರವನ್ನಾದರೂ ಬರೆಯುವುದು ನಮ್ಮ ಹೊಣೆ.

ಪರಿಶೀಲನೆ ಮುಗಿಸುವಾಗ ಮೂರು ದಾರಿಗಳಿವೆ: ಬರೀ ಟಿಪ್ಪಣಿ, ಒಪ್ಪಿಗೆ, ಅಥವಾ ಬದಲಾವಣೆಗೆ ಒತ್ತಾಯ. ಕೊನೆಯದನ್ನು ಆರಿಸಿದರೆ ಕೆಂಪು ಗುರುತು ಬೀಳುತ್ತದೆ. ಎರಡು ಪದಗಳ ತಿದ್ದುಪಡಿಗೆ ಆ ಕೆಂಪು ಗುರುತು ಹಾಕಿದವರನ್ನು ನೋಡಿದ್ದೇನೆ, ಹಾಕಿಸಿಕೊಂಡವರು ಮತ್ತೆ ಬಾರದೆ ಹೋದದ್ದನ್ನೂ ನೋಡಿದ್ದೇನೆ. ಸಣ್ಣ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, ಜೊತೆಗೆ ಸಲಹೆಯನ್ನೂ ಇಟ್ಟು, ಬೇಕಾದರೆ ತೆಗೆದುಕೊಳ್ಳಿ ಎನ್ನುವುದು ನನ್ನ ರೂಢಿ. ಅರ್ಥವೇ ತಪ್ಪಿದ್ದಾಗ ಮಾತ್ರ ತಡೆಯುತ್ತೇನೆ.

ತಡೆಯಲೇಬೇಕಾದ ಕಾಲವೂ ಬರುತ್ತದೆ. ಮುಕ್ತ ತಂತ್ರಾಂಶಕ್ಕೆ ತಿದ್ದುಪಡಿ ಕಳಿಸಲು ಪ್ರೋತ್ಸಾಹಿಸುವ, 2014ರಲ್ಲಿ ಶುರುವಾದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಕ್ಟೋಬರ್ ಕಾರ್ಯಕ್ರಮದಲ್ಲಿ ನಿಗದಿತ ಸಂಖ್ಯೆಯ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರ ಅಕ್ಟೋಬರಿನ ಮೊದಲ ದಿನಗಳಲ್ಲಿ, ರೀಡ್‌ಮೀ ಎಂಬ ಯೋಜನೆಯ ಮೊದಲ ಪುಟಕ್ಕೆ ಒಂದು ವಿಶೇಷಣ ಸೇರಿಸುವಂಥ, ಯಾರಿಗೂ ಬೇಡದ ತಿದ್ದುಪಡಿಗಳು ಪ್ರವಾಹದಂತೆ ಬಂದು, ಒಪ್ಪಿಗೆಯಿರುವ ಯೋಜನೆಗಳು ಮಾತ್ರ ಭಾಗವಹಿಸುವಂತೆ ಆಯೋಜಕರು ತಿಂಗಳ ಮೂರನೆಯ ದಿನವೇ ನಿಯಮ ಬದಲಿಸಬೇಕಾಯಿತು. ಆ ಪ್ರವಾಹದ ನೆನಪಿನಿಂದ ಸಣ್ಣ ತಿದ್ದುಪಡಿ ಎಂದರೆ ಸಂಶಯದಿಂದ ನೋಡುವ ಮೇಂಟೇನರ್‌ಗಳು ಇಂದಿಗೂ ಇದ್ದಾರೆ. ಆ ಸಂಶಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಅಂಗಿಗಾಗಿ ಬಂದ ತಿದ್ದುಪಡಿಯನ್ನೂ ಓದಿ ಬಂದ ತಿದ್ದುಪಡಿಯನ್ನೂ ಬೇರೆ ಮಾಡಲು ಬಹಳ ಹೊತ್ತು ಬೇಕಾಗುವುದಿಲ್ಲ. ಓದಿದವರ ತಿದ್ದುಪಡಿ ಪುಟದ ನಡುವೆ ಎಲ್ಲೋ ಇರುತ್ತದೆ, ಅವರು ಸಿಕ್ಕಿಹಾಕಿಕೊಂಡ ಜಾಗದಲ್ಲಿ. ಈಚೆಗೆ ಯಂತ್ರದಿಂದ ಬರೆಸಿದ ತಿದ್ದುಪಡಿಗಳೂ ಬರುತ್ತಿವೆ. ಅವುಗಳ ವಾಕ್ಯ ನಯವಾಗಿರುತ್ತದೆ. ನಮ್ಮ ತಂತ್ರಾಂಶದಲ್ಲಿ ಇಲ್ಲದ ಆಯ್ಕೆಯನ್ನು ಅಷ್ಟೇ ನಯವಾಗಿ ವಿವರಿಸಿದ ಒಂದನ್ನು ಆಜ್ಞೆ ನಡೆಸಿ ನೋಡಿದ ಮೇಲಷ್ಟೇ ನಾನು ಹಿಡಿದೆ.

ಬೇರೆ ದಾರಿಗಳಿಲ್ಲವೆಂದಲ್ಲ. ಲಿನಕ್ಸ್ ಕರ್ನಲ್‌ನ ಕೈಪಿಡಿಗೆ ಒಂದು ಅಕ್ಷರ ತಿದ್ದಬೇಕಾದರೂ ಪ್ಯಾಚ್, ಅಂದರೆ ಬದಲಾವಣೆಯ ಕಡತ, ಮಾಡಿ, ಸಹಿಯ ಸಾಲು ಸೇರಿಸಿ, ಇಮೇಲ್‌ನಲ್ಲಿ ಕಳಿಸಬೇಕು. ಅಲ್ಲಿ ಪರಿಶೀಲನೆಯ ಗುಣ ಎತ್ತರದ್ದು, ಆದರೆ ನಮ್ಮ ಗ್ರಂಥಪಾಲಕರು ಆ ಬಾಗಿಲನ್ನು ದಾಟಲಾರರು. ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲೂ ಸಲಹೆಯ ವ್ಯವಸ್ಥೆ ಇದೆ. ಬರ್ಲಿನ್ನಿನ ಲಾಭರಹಿತ ಸಂಸ್ಥೆಯೊಂದು ನಡೆಸುವ ಕೋಡ್‌ಬರ್ಗ್, ದೊಡ್ಡ ಕಂಪನಿಯ ನೆರಳು ಬೇಡವೆನ್ನುವವರಿಗೆ ಒಳ್ಳೆಯ ಆಯ್ಕೆ. ಪೂರ್ತಿ ಅನುವಾದದ ಕೆಲಸವಿದ್ದರೆ ವೆಬ್ಲೇಟ್ ಎಂಬ ಅನುವಾದ ಸಾಧನ ಮೇಲು, ಏಕೆಂದರೆ ಅದು ಮೂಲವನ್ನೂ ಅನುವಾದವನ್ನೂ ವಾಕ್ಯ ವಾಕ್ಯವಾಗಿ ಎದುರುಬದುರು ಇಡುತ್ತದೆ. ಇಷ್ಟಾದರೂ ನಾವು ಗಿಟ್‌ಹಬ್‌ನಲ್ಲೇ ಉಳಿದಿರುವುದು ಆ ಪೆನ್ಸಿಲಿಗಾಗಿ ಮತ್ತು ಆ ಸಲಹೆಯ ಗುಂಡಿಗಾಗಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಹಿಡಿದಿಟ್ಟಿರುವುದು ಆ ಮೂರು ಸಾಲಿನ ಕಿಂಡಿಗೆ.

ಹಾಸನದ ಮೇಷ್ಟ್ರ ದೂರು ಬಂದ ದಿನ ಆ ವಾಕ್ಯವನ್ನು ನಾನೇ ಒಂದು ನಿಮಿಷದಲ್ಲಿ ತಿದ್ದಬಹುದಿತ್ತು. ಕ್ಷಮೆ ಕೇಳಿ, ಆಯ್ಕೆಯ ನಿಜವಾದ ನಡವಳಿಕೆಯನ್ನು ವಿವರಿಸಿ, "ಮೇಷ್ಟ್ರೇ, ತಿದ್ದುಪಡಿ ನಿಮ್ಮ ಕೈಯಿಂದಲೇ ಬಂದರೆ ನಮಗೆ ಗೌರವ" ಎಂದು ಬರೆದು, ಪೆನ್ಸಿಲಿನ ಚಿಹ್ನೆ ಎಲ್ಲಿದೆ ಎಂದು ತಿಳಿಸಿದೆ. ಮರುದಿನ ಬೆಳಗ್ಗೆ ಪುಲ್ ರಿಕ್ವೆಸ್ಟ್ ಬಂದಿತ್ತು. "ಅಳಿಸದೆ" ಹೋಗಿ "ಅಳಿಸಿ" ಆಗಿತ್ತು. ಅದರ ಕೆಳಗೆ ಅವರೇ ಒಂದು ಸಾಲು ಸೇರಿಸಿದ್ದರು: "ಈ ಆಯ್ಕೆ ಬಳಸುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ತೆಗೆದಿಟ್ಟುಕೊಳ್ಳಿ." ಶೀರ್ಷಿಕೆಯವರೆಗೂ ಬಿಡಿಸಿ ಓದಿದೆ, ಆಜ್ಞೆಯನ್ನು ಎರಡು ಬಾರಿ ನಡೆಸಿ ನೋಡಿದೆ. ಆ ಸಾಲು ವಾಕ್ಯದ ಕೆಳಗಿರುವುದಕ್ಕಿಂತ ಮೇಲಿದ್ದರೆ ಮೊದಲು ಕಣ್ಣಿಗೆ ಬೀಳುತ್ತದೆ ಎಂದು ಒಂದು ಸಲಹೆ ಇಟ್ಟೆ. ಶಾಲೆಯ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಅವರು ಅದನ್ನು ಒಪ್ಪಿಕೊಂಡರು, ಮರ್ಜ್ ಆಯಿತು.